ಸ್ಟೀರಿಂಗ್ ಆಟ ಎಲ್ಲಿಂದ ಬಂತು?

ಹಳೇ ಕಾರು ಕೊಳ್ಳಲು ಹೋದವರು ಒಂದಲ್ಲ ಒಂದು ಸಲ ಕೇಳಿರುವ ಮಾತಿದು: ‘ಸ್ಟೀರಿಂಗ್ ಸ್ವಲ್ಪ ಆಟ ಇದೆ ಸಾರ್, ಓಡಿಸ್ತಾ ಓಡಿಸ್ತಾ ಅಭ್ಯಾಸ ಆಗುತ್ತೆ.’ ಮಾರುವವರ ಮಾತಿನಲ್ಲಿ ಸುಳ್ಳಿಲ್ಲ. ಅಭ್ಯಾಸ ಆಗಿಯೇ ಆಗುತ್ತದೆ. ಅಪಾಯ ಇರುವುದೂ ಅಲ್ಲೇ. ಸ್ಟೀರಿಂಗ್ ಒಂದೇ ದಿನದಲ್ಲಿ ಸಡಿಲವಾಗುವುದಿಲ್ಲ. ಈ ಬೇಸಿಗೆಗೆ ಕೂದಲೆಳೆಯಷ್ಟು, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದಿಷ್ಟು ಹೀಗೆ ಬೆಳೆಯುತ್ತದೆ. ಅದರ ಜೊತೆಜೊತೆಗೇ ಕೈಯೂ ಹೊಂದಿಕೊಳ್ಳುತ್ತಾ ಹೋಗುತ್ತದೆ. ದಿನಾ ಓಡಿಸುವ ಮಾಲೀಕರಿಗೆ ಏನೂ ಅನ್ನಿಸದ ಕಾರನ್ನು ಊರಿಂದ ಬಂದ ಭಾವಮೈದುನ ಹತ್ತು ನಿಮಿಷ ಓಡಿಸಿ, ‘ಏನು ಭಾವ, ಕಾರು ರಸ್ತೆ ತುಂಬಾ ಓಡಾಡ್ತಿದೆ?’ ಎಂದು ಕೇಳಿದಾಗಲೇ ಎಚ್ಚರವಾಗುವುದು.

ಬ್ರೇಕು ಹಿಡಿಯದಿದ್ದರೆ ಯಾರೂ ಕಾರು ಹೊರಗೆ ತೆಗೆಯುವುದಿಲ್ಲ. ಕ್ಲಚ್ ಜಾರಿದರೆ ಏರಿನಲ್ಲಿ ಕಾರೇ ಹೇಳಿಬಿಡುತ್ತದೆ. ಸ್ಟೀರಿಂಗ್ ಆಟ ಹಾಗಲ್ಲ. ಅದು ಕಾರನ್ನು ನಿಲ್ಲಿಸುವುದಿಲ್ಲ, ಹೊಗೆ ಬಿಡುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವನ್ನೂ ಹಚ್ಚುವುದಿಲ್ಲ. ಹಾಗಾಗಿ ಅದನ್ನು ನಾವೇ ಹುಡುಕಬೇಕು, ಅಳೆಯಬೇಕು. ಹುಡುಕುವುದಕ್ಕೆ ಬೇಕಾದ ಸಲಕರಣೆ ಬಹಳ ಕಡಿಮೆ: ಒಂದು ಅಳತೆ ಪಟ್ಟಿ, ಒಂದು ಜಾಕು, ಒಂದು ಸ್ಟ್ಯಾಂಡು, ಜೊತೆಗೊಬ್ಬರು ಮತ್ತು ಅರ್ಧ ಗಂಟೆ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗ್ ಬಗೆಗೇ ಇದೆ. ಯಾವುದೇ ಮೋಟಾರು ವಾಹನದ ಸ್ಟೀರಿಂಗ್ ಆಟ 30 ಡಿಗ್ರಿ ಮೀರಬಾರದು, ಜೋಡಣೆಯ ಬಾಲ್ ಜಾಯಿಂಟುಗಳಿಗೆ ರಬ್ಬರ್ ಮುಚ್ಚಳ ಇರಬೇಕು, ಬೋಲ್ಟು ಪಿನ್ನುಗಳು ಕಳಚಿಕೊಳ್ಳದಂತೆ ಲಾಕ್ ಆಗಿರಬೇಕು ಎನ್ನುತ್ತದೆ ಅದು. 30 ಡಿಗ್ರಿ ಎಂದರೆ ಎಷ್ಟು? ಸಣ್ಣ ಕಾರಿನ ಸ್ಟೀರಿಂಗ್ ಚಕ್ರದ ಅಡ್ಡಳತೆ ಸುಮಾರು 37 ಸೆಂಟಿಮೀಟರ್. ಅದರ ಅಂಚಿನಲ್ಲಿ 30 ಡಿಗ್ರಿ ಅಳೆದರೆ ಹೆಚ್ಚುಕಡಿಮೆ 97 ಮಿಲಿಮೀಟರ್ ಬರುತ್ತದೆ, ಅಂದರೆ ಒಂದು ಅಂಗೈ ಅಗಲ. ಇಂದಿನ ಸಣ್ಣ ಕಾರುಗಳ ಕೈಪಿಡಿ ತೆರೆದು ನೋಡಿದರೆ ಸಾಮಾನ್ಯವಾಗಿ ಕಾಣುವ ಮಿತಿ 0ಯಿಂದ 30 ಮಿಲಿಮೀಟರ್. ಕಾನೂನು ಒಪ್ಪುವ ಆಟ ಕಾರು ತಯಾರಕರು ಒಪ್ಪುವುದರ ಮೂರು ಪಟ್ಟಿಗೂ ಹೆಚ್ಚು! ಲಾರಿ, ಬಸ್ಸು, ಜೀಪುಗಳನ್ನೆಲ್ಲ ಒಂದೇ ಅಳತೆಯಲ್ಲಿ ಹಿಡಿಯುವ ನಿಯಮವದು. ಕಾನೂನಿಗೆ ಪಾಸಾದ ಕಾರು ಸರಿಯಾಗಿದೆ ಎಂದು ತಿಳಿಯುವ ಹಾಗಿಲ್ಲ.

ಇನ್ನೊಂದು ಸಂಗತಿ. ಟ್ಯಾಕ್ಸಿ, ಲಾರಿಗಳಂಥ ಬಾಡಿಗೆ ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಅಷ್ಟು ವರ್ಷ ಅದರ ಟೈರನ್ನು ಎತ್ತಿ ಅಲ್ಲಾಡಿಸಿ ನೋಡುವ ಅಧಿಕಾರಿ ಯಾರೂ ಇಲ್ಲ. ನೋಡಬೇಕಾದವರು ನಾವು, ಇಲ್ಲವೇ ನಮ್ಮ ಮೆಕ್ಯಾನಿಕ್.

ಯಾವುದು ಆಟ, ಯಾವುದು ಅಲ್ಲ

ಗ್ಯಾರೇಜಿನಲ್ಲಿ ‘ಸ್ಟೀರಿಂಗ್ ಲೂಸ್ ಆಗಿದೆ’ ಎಂದು ಬರುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಬೇರೆ ದೂರುಗಳು. ಎಂಬತ್ತರ ವೇಗದ ಹತ್ತಿರ ಸ್ಟೀರಿಂಗ್ ನಡುಗಿ, ಅದಕ್ಕಿಂತ ಹೆಚ್ಚಾದಾಗ ಅಥವಾ ಕಡಿಮೆಯಾದಾಗ ನಿಂತರೆ ಅದು ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗ್ ಕೆಲಸ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಬೇಕು. ಕಾರು ಒಂದೇ ಕಡೆಗೆ ಎಳೆಯುತ್ತಿದ್ದರೆ ಟೈರಿನ ಗಾಳಿ, ಒಂದು ಬದಿ ಹಿಡಿದುಕೊಂಡ ಬ್ರೇಕು ಅಥವಾ ಅಲೈನ್‌ಮೆಂಟ್ ಕಾರಣ ಇರಬಹುದು. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕಾರಿನ ಚಕ್ರವನ್ನು ಪಾರ್ಕಿಂಗ್‌ನಲ್ಲಿ ಒಂದೇ ಬೆರಳಲ್ಲಿ ತಿರುಗಿಸಬಹುದು. ಅದು ಹಗುರ, ಸಡಿಲ ಅಲ್ಲ.

ನಿಜವಾದ ಆಟದ ಲಕ್ಷಣ ಬೇರೆ. ಸ್ಟೀರಿಂಗ್ ತಿರುಗಿಸಿದಿರಿ, ಕಾರು ಸುಮ್ಮನಿದೆ. ಇನ್ನೂ ಸ್ವಲ್ಪ ತಿರುಗಿಸಿದ ಮೇಲೆ ಕಾರು ತಿರುಗಿತು. ನೇರ ರಸ್ತೆಯಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣದಾಗಿ ತಿದ್ದುತ್ತಲೇ ಇರಬೇಕು. ಬಸ್ಸೊಂದು ಪಕ್ಕದಲ್ಲೇ ಹಾದುಹೋದಾಗ ಗಾಳಿಗೆ ಕಾರು ಅಲುಗಿ, ತಿದ್ದುವ ಕೈ ಅರೆಗಳಿಗೆ ತಡವಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಾಲು ಸೆಕೆಂಡ್ ತಡವಾದರೂ ಐದೂವರೆ ಮೀಟರ್ ಹೋಗಿಯಾಯಿತು. ಹೆದ್ದಾರಿಯಲ್ಲಿ ಹೀಗಾದರೆ ಸುಸ್ತು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ, ಎದುರಿಂದ ಲಾರಿ ತಿರುವಿನ ಒಳಗೆ ಬರುತ್ತಿರುವಾಗ ಹೀಗಾದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಮೊದಲು ಗಾಳಿ ನೋಡಿ. ಮುಂದಿನ ಎರಡೂ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ, ಅದೇ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಗಾಳಿ ಕಮ್ಮಿಯಾದ ಟೈರು ಸಡಿಲ ಸ್ಟೀರಿಂಗಿನ ಭಾವನೆಯನ್ನೇ ಕೊಡುತ್ತದೆ. ಅದಾದ ಮೇಲೂ ಸಂಶಯ ಉಳಿದರೆ ಅಳೆಯಿರಿ. ಕಾರನ್ನು ಸಮನೆಲದಲ್ಲಿ ಚಕ್ರ ನೇರವಾಗಿಟ್ಟು ನಿಲ್ಲಿಸಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲು ಇರಲಿ. ಎಂಜಿನ್ ಬಂದ್ ಮಾಡಿದಾಗ ಪವರ್ ಸ್ಟೀರಿಂಗಿನ ಒಳಗಿರುವ ಟಾರ್ಷನ್ ಬಾರ್ ಎಂಬ ಸರಳು ತಿರುಚಿಕೊಂಡು, ಇಲ್ಲದ ಆಟವನ್ನು ಇದೆ ಎಂದು ತೋರಿಸುತ್ತದೆ. ಸ್ಟೀರಿಂಗ್ ಅಂಚಿಗೆ ಒಂದು ಕಡೆ ಟೇಪಿನ ತುಂಡು ಅಂಟಿಸಿ. ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಡಕ್ಕೆ ತಿರುಗಿಸುತ್ತಾ ಹೋಗಿ, ಹೊರಗೆ ನಿಂತವರು ಮುಂದಿನ ಟೈರು ಅಲುಗಿತು ಎಂದ ಕೂಡಲೇ ನಿಲ್ಲಿಸಿ. ಆಮೇಲೆ ಬಲಕ್ಕೆ. ಎರಡು ಕೊನೆಗಳ ನಡುವೆ ಟೇಪು ಎಷ್ಟು ದೂರ ಸಾಗಿತು ಎಂಬುದೇ ನಿಮ್ಮ ಕಾರಿನ ಆಟ. ಅದನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಕೈ ಮರೆತರೂ ಪುಸ್ತಕ ಮರೆಯುವುದಿಲ್ಲ.

ಸ್ಟೀರಿಂಗಿನಿಂದ ಟೈರಿನವರೆಗೆ

ಇಂದು ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರುಗಳಲ್ಲಿರುವುದು ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಅದನ್ನು ಬಹುವಾಗಿ ತಂದದ್ದು 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800. ಇದರ ರಚನೆ ಸರಳ. ಸ್ಟೀರಿಂಗ್ ಕಾಲಮ್ಮಿನ ಕೆಳಗೆ ಒಂದು ನಡುವಿನ ಶಾಫ್ಟ್, ಅದರ ಎರಡು ತುದಿಗೆ ಯುನಿವರ್ಸಲ್ ಜಾಯಿಂಟ್. ಶಾಫ್ಟಿನ ಕೊನೆಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ. ಅದು ಹಲ್ಲು ಕೊರೆದ ಉದ್ದ ಸರಳನ್ನು, ಅಂದರೆ ರ‍್ಯಾಕನ್ನು ಎಡಬಲಕ್ಕೆ ಸರಿಸುತ್ತದೆ. ರ‍್ಯಾಕಿನ ಎರಡೂ ತುದಿಗೆ ರ‍್ಯಾಕ್ ಎಂಡ್, ಅಲ್ಲಿಂದ ಹೊರಗೆ ಟೈ ರಾಡ್ ಎಂಡ್, ಅದು ಚಕ್ರವನ್ನು ಹೊತ್ತು ತಿರುಗುವ ನಕಲ್ಲಿಗೆ ಸೇರುತ್ತದೆ. ನಕಲ್ಲನ್ನು ಕೆಳಗಿನಿಂದ ಹಿಡಿದಿರುವುದು ಲೋಯರ್ ಆರ್ಮಿನ ಬಾಲ್ ಜಾಯಿಂಟ್.

ಆಟ ಇವುಗಳಲ್ಲಿ ಯಾವುದರಿಂದಲೂ ಬರಬಹುದು. ಒಂದೊಂದರಲ್ಲಿ ಸವೆತ ಚೂರೇ ಇದ್ದರೂ ಎಲ್ಲ ಕೂಡಿ ಸ್ಟೀರಿಂಗಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ‘ಸ್ಟೀರಿಂಗ್ ಆಟ ಇದೆಯಾ, ಬಾಕ್ಸ್ ಬದಲಾಯಿಸಿ’ ಎಂದು ಒಂದೇ ಉಸಿರಿಗೆ ಹೇಳುವವರ ಮಾತನ್ನು ಒಪ್ಪಬಾರದು. ಸಣ್ಣ ಕಾರಿನ ಟೈ ರಾಡ್ ಎಂಡಿನ ಬೆಲೆ ನೂರರ ಲೆಕ್ಕದಲ್ಲಿದ್ದರೆ, ಇಡೀ ರ‍್ಯಾಕ್ ಅಸೆಂಬ್ಲಿಯದು ಸಾವಿರಗಳ ಲೆಕ್ಕ. ಆಟ ಯಾವ ಕೀಲಿನಲ್ಲಿದೆ ಎಂದು ತೋರಿಸಿಕೊಡದೆ ಸಾಮಾನಿನ ಪಟ್ಟಿ ಬರೆದುಕೊಡುವ ಗ್ಯಾರೇಜಿಗೆ ದುಡ್ಡು ಕೊಡುವ ಮುಂಚೆ ಇನ್ನೊಬ್ಬರಿಗೆ ತೋರಿಸುವುದು ಒಳ್ಳೆಯದು.

ಒಳ್ಳೆಯ ಮೆಕ್ಯಾನಿಕ್ ಇದನ್ನು ಹೇಗೆ ಹುಡುಕುತ್ತಾರೆ ಎಂಬುದು ನೋಡುವಂಥದ್ದು. ಮಲೆನಾಡಿನ ತಾಲ್ಲೂಕು ಕೇಂದ್ರದ ಒಂದು ಗ್ಯಾರೇಜಿನಲ್ಲಿ ನಾನು ನೋಡಿದ ಕ್ರಮ ಇದು. ಕಾರನ್ನು ಪಿಟ್ ಮೇಲೆ ತಂದರು. ಜಾಕ್ ಹಾಕಲಿಲ್ಲ, ಟೈರು ನೆಲದ ಮೇಲೇ ಇರಬೇಕು, ಕಾರಿನ ಭಾರ ಕೀಲುಗಳ ಮೇಲೆ ಹಾಗೇ ಇರಬೇಕು. ಸಹಾಯಕ ಹುಡುಗನನ್ನು ಸೀಟಿನಲ್ಲಿ ಕೂರಿಸಿ, ‘ತಮ್ಮಾ, ಪೂರ್ತಿ ತಿರುಗಿಸಬೇಡ. ಇಷ್ಟೇ ಇಷ್ಟು, ಎಡ ಬಲ, ಎಡ ಬಲ, ನಿಲ್ಲಿಸಬೇಡ’ ಎಂದು ಹೇಳಿ ತಾವು ಕೆಳಗಿಳಿದರು. ಬ್ಯಾಟರಿ ಹಿಡಿದದ್ದು ಎಡಗೈಯಲ್ಲಿ. ಆದರೆ ಅವರು ನೋಡಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. ಬಲಗೈಯ ತೋರುಬೆರಳು ಟೈ ರಾಡ್ ಎಂಡಿನ ಮೇಲೆ, ಹೆಬ್ಬೆರಳು ನಕಲ್ಲಿನ ತೋಳಿನ ಮೇಲೆ. ಎರಡೂ ಒಟ್ಟಿಗೆ ಸರಿದರೆ ಆ ಕೀಲು ಗಟ್ಟಿ. ಒಂದು ಮೊದಲು ಸರಿದು ಇನ್ನೊಂದು ಆಮೇಲೆ ಸರಿದರೆ ಆಟ ಅಲ್ಲೇ. ಬಲ ಬದಿಯಲ್ಲಿ ಕೈ ಇಟ್ಟವರು ನನ್ನನ್ನೂ ಕರೆದರು. ‘ಇಲ್ಲಿ ಬೆರಳಿಡಿ ಮಾರಾಯ್ರೆ, ಹೇಳುವುದೇ ಬೇಡ ನಿಮಗೆ ಗೊತ್ತಾಗ್ತದೆ.’ ಗೊತ್ತಾಯಿತು. ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಬೆರಳ ತುದಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು.

ಹೀಗೆ ಕೈ ಇಟ್ಟುಕೊಂಡೇ ಮೇಲೆ ಹೋಗುತ್ತಾರೆ. ರ‍್ಯಾಕಿನ ತುದಿಯ ರಬ್ಬರ್ ಬೂಟನ್ನು ಹೊರಗಿಂದಲೇ ಹಿಸುಕಿ ಒಳಗಿನ ಗುಂಡುಕೀಲು ಕುಣಿಯುತ್ತದೆಯೇ ನೋಡುತ್ತಾರೆ. ರ‍್ಯಾಕ್ ಹೌಸಿಂಗ್ ಹಿಡಿದಿರುವ ಕ್ಲಾಂಪು, ಬುಷ್‌ಗಳ ಮೇಲೆ ಕಣ್ಣಿಡುತ್ತಾರೆ. ಸ್ಟೀರಿಂಗ್ ತಿರುಗಿದಾಗ ರ‍್ಯಾಕಿನ ಬದಲು ಹೌಸಿಂಗೇ ಒಂದಿಷ್ಟು ಸರಿದರೆ ಬುಷ್ ಸತ್ತಿದೆ ಎಂದೇ ಅರ್ಥ, ಒಳಗಿನ ಹಲ್ಲುಗಳು ಎಷ್ಟೇ ಚೆನ್ನಾಗಿರಲಿ. ಕೊನೆಗೆ ಪೆಡಲ್ ಹತ್ತಿರ ತಲೆ ಹಾಕಿ ನಡುವಿನ ಶಾಫ್ಟ್. ಮೇಲಿನ ಜಾಯಿಂಟು ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಜಾಯಿಂಟಿನ ಒಳಗಿನ ಕ್ರಾಸ್ ಸವೆದಿದೆ, ಇಲ್ಲವೇ ಶಾಫ್ಟನ್ನು ಬಿಗಿಹಿಡಿದ ಬೋಲ್ಟು ಸಡಿಲ. ಬೇರೇನೋ ರಿಪೇರಿಗೆಂದು ಬಿಚ್ಚಿ ಮತ್ತೆ ಬಿಗಿ ಮಾಡಲು ಮರೆತ ಬೋಲ್ಟೂ ಈ ದೂರಿಗೆ ಕಾರಣವಾಗುವುದುಂಟು. ಎಂಜಿನ್ ಅಥವಾ ಗೇರ್‌ಬಾಕ್ಸ್ ಕೆಲಸ ಆದ ಮರುವಾರವೇ ಆಟ ಶುರುವಾಗಿದ್ದರೆ ಮೊದಲು ಅಲ್ಲೇ ನೋಡಿಸಿ.

ಇದಾದ ಮೇಲೆ ಜಾಕ್. ಕಾರನ್ನು ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಬದಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಟೈರನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಎಂದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್ ಮೇಲೆ ಅನುಮಾನ. 12 ಮತ್ತು 6ರ ಜಾಗದಲ್ಲಿ ಹಿಡಿದಾಗಲೂ ಅಲ್ಲಾಡಿದರೆ ವೀಲ್ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ ಇರಬಹುದು. ಯಾವುದು ಎಂದು ತಿಳಿಯಲು ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್.

ಒಂದು ಟೈ ರಾಡ್ ಎಂಡ್

ಈ ಭಾಗವನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ. ಉಕ್ಕಿನ ಬಟ್ಟಲಿನೊಳಗೆ ಉಕ್ಕಿನ ಗುಂಡು, ನಡುವೆ ನುಣುಪಾದ ಪ್ಲಾಸ್ಟಿಕ್ ಹಾಸು, ಗ್ರೀಸು. ನಮ್ಮ ಭುಜದ ಕೀಲಿನ ಹಾಗೆ, ಎಲ್ಲ ದಿಕ್ಕಿಗೂ ತಿರುಗಬೇಕು, ಆದರೆ ಸಡಿಲವಾಗಬಾರದು. ಹೊಸದನ್ನು ಡಬ್ಬಿಯಿಂದ ತೆಗೆದಾಗ ಅದರ ಕಡ್ಡಿ ನೇರ ನಿಂತಿರುತ್ತದೆ. ಓರೆ ಮಾಡಲು ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಕಾರಿನಿಂದ ಬಿಚ್ಚಿದ ಹಳೆಯದರ ಕಡ್ಡಿ ತನ್ನ ಭಾರಕ್ಕೇ ಬದಿಗೆ ವಾಲುತ್ತದೆ, ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ಅದರ ರಬ್ಬರ್ ಮುಚ್ಚಳವನ್ನು, ಅಂದರೆ ಬೂಟನ್ನು ಗಮನಿಸಿ. ಹೆಚ್ಚಾಗಿ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಸೀಳು ಇರುತ್ತದೆ. ಹಿಸುಕಿದರೆ ಗ್ರೀಸಿನ ಬದಲು ತುಕ್ಕಿನ ಬಣ್ಣದ ನೀರು, ಜೊತೆಗೆ ನುಣ್ಣನೆ ಮರಳು ಹೊರಬರುತ್ತದೆ. ಆ ಮರಳೇ ಗುಂಡನ್ನು ತೇಯ್ದದ್ದು.

ಅಂದರೆ ಎಷ್ಟೋ ಸಲ ಕೀಲು ಸವೆಯುವ ಮುಂಚೆ ಬೂಟು ಹರಿದಿರುತ್ತದೆ. ಮಲೆನಾಡು, ಕರಾವಳಿಯ ಕಾರುಗಳಲ್ಲಿ ಇದು ಬೇಗ ಬರುವುದಕ್ಕೆ ಕಾರಣ ಹುಡುಕಬೇಕಿಲ್ಲ. ಮಳೆಗಾಲವಿಡೀ ಕೆಸರು ನೀರಿನಲ್ಲಿ ಓಡಾಟ, ತೋಟದ ರಸ್ತೆಯ ಕಲ್ಲು, ಡಾಂಬರು ಕಿತ್ತ ಗುಂಡಿ. ಬಯಲುಸೀಮೆಯಲ್ಲಿ ನೀರಿನ ಬದಲು ದೂಳು. ಜಲ್ಲಿ ಕ್ರಷರ್, ಗಣಿ ಪ್ರದೇಶದ ರಸ್ತೆಗಳಲ್ಲಿ ಅದು ಇನ್ನೂ ಹೆಚ್ಚು. ಊರೂರಿಗೆ ಬಣ್ಣವೂ ಇಲ್ಲದ ಹಂಪುಗಳಿವೆ. ಅವುಗಳ ಮೇಲೆ ವೇಗವಾಗಿ ಹಾರಿಸಿದಾಗಿನ ಪ್ರತಿ ಹೊಡೆತವೂ ಈ ಕೀಲುಗಳಿಗೆ ಬೀಳುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ‘ಬೂಟುಗಳನ್ನು ನೋಡಿ’ ಎಂದು ಬಾಯಿಬಿಟ್ಟು ಹೇಳಬೇಕು. ಕೀಲು ಇನ್ನೂ ಬಿಗಿಯಾಗಿರುವಾಗಲೇ ಹರಿದ ಬೂಟು ಕಣ್ಣಿಗೆ ಬಿದ್ದರೆ, ಹೊಸ ಬೂಟು ಹೊಸ ಗ್ರೀಸಿನಲ್ಲೇ ಕೆಲಸ ಮುಗಿಯುವ ಸಾಧ್ಯತೆ ಇದೆ.

ಬದಲಾಯಿಸುವ ಕೆಲಸ ಕಷ್ಟದ್ದಲ್ಲ, ಅಚ್ಚುಕಟ್ಟುತನ ಬೇಡುವಂಥದ್ದು. ಹಳೇ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತು ಎಂದು ಎಣಿಸಿಟ್ಟುಕೊಂಡು ಹೊಸದನ್ನು ಅಷ್ಟೇ ಸುತ್ತು ಕೂರಿಸಬೇಕು. ಆಗ ಚಕ್ರದ ದಿಕ್ಕು ತೀರಾ ಹಾಳಾಗುವುದಿಲ್ಲ, ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಹೋಗಬಹುದು. ಕಡ್ಡಿಯ ಥ್ರೆಡ್ಡಿನ ಮೇಲೆ ನೇರವಾಗಿ ಸುತ್ತಿಗೆ ಬೀಳಬಾರದು. ಪುಲ್ಲರ್ ಇಲ್ಲದಿದ್ದರೆ ನಕಲ್ಲಿನ ಕಣ್ಣಿಗೆ ಬದಿಯಿಂದ ಹೊಡೆದು ಬಿಡಿಸಬೇಕು. ನಟ್ ಬಿಗಿ ಮಾಡಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಯಾಗಿ ಬರದಿದ್ದರೆ, ನಟ್ಟನ್ನು ಇನ್ನೂ ಚೂರು ಬಿಗಿ ಮಾಡಿ ಸೀಳನ್ನು ತೂತಿಗೆ ತರಬೇಕು. ಸಡಿಲ ಮಾಡಿ ತರಬಾರದು. ಪಿನ್ ಹೊಸದೇ ಆಗಬೇಕು. ಹಳೇ ಪಿನ್ ನೇರ ಮಾಡಿ ಹಾಕುವುದು, ಪಿನ್ನಿನ ಬದಲು ತಂತಿ ಸುತ್ತುವುದು, ಇವೆಲ್ಲ ಒಂದೆರಡು ರೂಪಾಯಿಯ ಉಳಿತಾಯಕ್ಕೆ ಜೀವ ಒತ್ತೆ ಇಡುವ ಕೆಲಸ. ಕೆಲವು ಕಾರುಗಳಲ್ಲಿ ಪಿನ್ನಿನ ಬದಲು ತಾನೇ ಬಿಗಿಹಿಡಿಯುವ ನೈಲಾಕ್ ನಟ್ ಇರುತ್ತದೆ. ಬಿಚ್ಚಿದ ಮೇಲೆ ಅದನ್ನೂ ಹೊಸದು ಹಾಕಬೇಕು.

ಸಾಮಾನು ಎಲ್ಲಿಂದ ತಂದರು ಎಂಬುದೂ ಮುಖ್ಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಟೈ ರಾಡ್ ಎಂಡ್ ಹಲವು ಬೆಲೆಗೆ ಸಿಗುತ್ತದೆ, ಡಬ್ಬಿಯ ಬಣ್ಣ ಒಂದೇ ಇದ್ದರೂ. ಸೀಟ್ ಕವರಿನಲ್ಲಿ, ಹಾರ್ನಿನಲ್ಲಿ ಅಗ್ಗದ್ದನ್ನು ಆರಿಸಿ, ತಕರಾರಿಲ್ಲ. ಸ್ಟೀರಿಂಗು, ಬ್ರೇಕುಗಳ ವಿಷಯದಲ್ಲಿ ಕಂಪನಿಯದ್ದು ಅಥವಾ ಕಂಪನಿಗೆ ಪೂರೈಸುವ ತಯಾರಕರದ್ದೇ ಬೇಕು, ಬಿಲ್ಲಿನ ಸಮೇತ.

ಬಿಗಿ ಮಾಡುವ ಆಸೆ

ರ‍್ಯಾಕಿನ ಬೆನ್ನಿಗೆ ಒಂದು ಅಡ್ಜಸ್ಟಿಂಗ್ ಪ್ಲಗ್ ಇರುತ್ತದೆ. ಅದರೊಳಗಿನ ಸ್ಪ್ರಿಂಗು ಒಂದು ಸಣ್ಣ ಆಧಾರದ ತುಂಡಿನ ಮೂಲಕ ರ‍್ಯಾಕನ್ನು ಪಿನಿಯನ್ನಿನ ಹಲ್ಲಿಗೆ ಒತ್ತಿ ಹಿಡಿಯುತ್ತದೆ. ಆ ತುಂಡು ಸವೆದು ಹಲ್ಲುಗಳ ನಡುವೆ ಸಂದು ಬಂದಾಗ, ಚೆಕ್ ನಟ್ ಸಡಿಲಿಸಿ ಪ್ಲಗ್ಗನ್ನು ಒಂದಿಷ್ಟು ಬಿಗಿ ಮಾಡಿದರೆ ಆಟ ಹೋಗುತ್ತದೆ. ಗುಂಡಿ ರಸ್ತೆಯಲ್ಲಿ ಕೇಳುವ ಕಟಕಟ ಸದ್ದೂ ನಿಲ್ಲುತ್ತದೆ. ಕೆಲಸ ಐದು ನಿಮಿಷದ್ದು, ಸಾಮಾನಿನ ಖರ್ಚಿಲ್ಲ. ಅದಕ್ಕೇ ಇದು ಎಲ್ಲರ ಕೈಗೂ ಮೊದಲು ಸಿಗುವ ಮದ್ದು, ಮತ್ತು ನಾನು ಕಂಡಂತೆ ಹೆಚ್ಚು ಕೆಡುಕು ಮಾಡುವುದೂ ಇದೇ.

ಯಾಕೆಂದರೆ ರ‍್ಯಾಕ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ನಾವು ಓಡಿಸುವ ಹೊತ್ತಿನಲ್ಲಿ ಬಹುಪಾಲು ನೇರ ರಸ್ತೆ. ಹಾಗಾಗಿ ನಡುವಿನ ಹಲ್ಲುಗಳು ಹೆಚ್ಚು ಸವೆದಿರುತ್ತವೆ, ತುದಿಯವು ಹೊಸದರಂತೆಯೇ ಇರುತ್ತವೆ. ನಡುವಿಗೆ ಸರಿಹೋಗುವಷ್ಟು ಬಿಗಿ ಮಾಡಿದರೆ ಪೂರ್ತಿ ತಿರುಗಿಸಿದಾಗ ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಅತಿ ಬಿಗಿಯಾದದ್ದು ಹಾಗೆ ಬರುವುದಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಕೈ ಬಿಟ್ಟರೂ ತಿರುಗಿದಲ್ಲೇ ನಿಲ್ಲುವ ಸ್ಟೀರಿಂಗ್ ಎಂಥ ಅಪಾಯ ಎಂದು ಯೋಚಿಸಿ. ಪ್ಲಗ್ ಮುಟ್ಟುವುದಾದರೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ. ಪ್ರತಿ ಸಲವೂ ಎರಡೂ ಕೊನೆಗೆ ಪೂರ್ತಿ ತಿರುಗಿಸಿ ನೋಡಬೇಕು, ಆಮೇಲೆ ಖಾಲಿ ಜಾಗದಲ್ಲಿ ಓಡಿಸಿ ನೇರಕ್ಕೆ ಮರಳುತ್ತದೆಯೇ ಎಂದು ನೋಡಬೇಕು. ಟೈ ರಾಡ್ ಎಂಡ್ ಸವೆದ ಕಾರಿನಲ್ಲಿ ರ‍್ಯಾಕ್ ಬಿಗಿ ಮಾಡುವುದಂತೂ ರೋಗ ಮುಚ್ಚಿಡುವ ಕೆಲಸ. ಕೈಗೆ ಬಿಗಿ ಅನ್ನಿಸುತ್ತದೆ, ಸವೆದ ಕೀಲು ಸವೆಯುತ್ತಲೇ ಇರುತ್ತದೆ.

ಜೀಪು, ಜಿಪ್ಸಿಗಳ ಕತೆ ಸ್ವಲ್ಪ ಬೇರೆ. ಚಿಕ್ಕಮಗಳೂರು, ಕೊಡಗಿನ ಎಸ್ಟೇಟುಗಳಲ್ಲಿ ಇಂದಿಗೂ ಓಡುವ ಹಳೇ ಜೀಪುಗಳಲ್ಲಿ ರ‍್ಯಾಕ್ ಇಲ್ಲ, ಸ್ಟೀರಿಂಗ್ ಬಾಕ್ಸ್ ಇದೆ. ವಿಲ್ಲೀಸ್ ವಂಶದ ಜೀಪಿನಲ್ಲಿ ಕ್ಯಾಮ್ ಮತ್ತು ಲಿವರ್ ಬಾಕ್ಸ್; 1985ರಲ್ಲಿ ಬಂದ ಜಿಪ್ಸಿಯಲ್ಲಿ ಉಕ್ಕಿನ ಗೋಲಿಗಳು ಉರುಳುವ ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್. ಹಳೇ ಜೀಪಿನಲ್ಲಿ ಬಾಕ್ಸಿನಿಂದ ಡ್ರ್ಯಾಗ್ ಲಿಂಕ್, ಅದರಿಂದ ನಡುವಿನ ಬೆಲ್ ಕ್ರ್ಯಾಂಕ್, ಅಲ್ಲಿಂದ ಎರಡು ಟೈ ರಾಡ್. ಕೀಲುಗಳೇ ಅಷ್ಟಿರುವಾಗ ಹೊಸ ಜೀಪಿನಲ್ಲೂ ಒಂದಿಷ್ಟು ಆಟ ಸಹಜ. ಬೆಲ್ ಕ್ರ್ಯಾಂಕಿನ ಪಿನ್ ಸವೆದದ್ದನ್ನು ಗಮನಿಸದೆ ಬಾಕ್ಸಿನ ಸ್ಕ್ರೂ ಬಿಗಿ ಮಾಡುತ್ತಾ ಹೋಗುವುದು ಇಲ್ಲಿನ ಸಾಮಾನ್ಯ ತಪ್ಪು. ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ತಿರುಗಿಸುವುದೇ ಆದರೆ ಚಕ್ರ ನೇರವಿದ್ದಾಗ, ಲಿಂಕ್ ಕಳಚಿಟ್ಟು ತಿರುಗಿಸಬೇಕು. ಗುಂಡಿ ಹಾರಿದ ಕೂಡಲೇ ಮುಂದಿನ ಎರಡೂ ಚಕ್ರ ಗಡಗಡ ನಡುಗಿ, ಕಾರು ನಿಲ್ಲಿಸುವವರೆಗೂ ಬಿಡದ ನಡುಕ ಈ ಗಾಡಿಗಳಲ್ಲಿ ಬಂದರೆ ಕಿಂಗ್ ಪಿನ್ ಬೇರಿಂಗ್, ಟೈ ರಾಡ್, ಟೈರಿನ ಬ್ಯಾಲೆನ್ಸ್ ಮೂರನ್ನೂ ನೋಡಿಸಿ. ಲೀಫ್ ಸ್ಪ್ರಿಂಗಿನ ಯು ಬೋಲ್ಟ್, ಶ್ಯಾಕಲ್ ಬುಷ್ ಸಡಿಲವಾದರೆ ಆಕ್ಸಲೇ ಅತ್ತಿತ್ತ ಸರಿದು ಸ್ಟೀರಿಂಗಿಗೆ ಕೆಟ್ಟ ಹೆಸರು ಬರುತ್ತದೆ.

ಈಚಿನ ಕಾರುಗಳಲ್ಲಿ ಇನ್ನೊಂದು ಜಾಗ ಸೇರಿಕೊಂಡಿದೆ. ಕಾಲಮ್ಮಿನಲ್ಲೇ ಮೋಟಾರು ಇರುವ ಎಲೆಕ್ಟ್ರಿಕ್ ಸ್ಟೀರಿಂಗುಗಳಲ್ಲಿ, ಮೋಟಾರಿಗೂ ಗೇರಿಗೂ ನಡುವೆ ಅಂಗೈಗಿಂತ ಚಿಕ್ಕದಾದ ಒಂದು ರಬ್ಬರು ಅಥವಾ ಪ್ಲಾಸ್ಟಿಕ್ ಕಪ್ಲಿಂಗ್ ಇರುತ್ತದೆ. ಅದು ಪುಡಿಯಾದಾಗ ಸ್ಟೀರಿಂಗ್ ಚೂರು ಎಡಬಲ ಮಾಡಿದರೆ ಡ್ಯಾಶ್‌ಬೋರ್ಡಿನ ಕೆಳಗಿಂದ ಕ್ಲಿಕ್ ಕ್ಲಿಕ್ ಸದ್ದು ಬರುತ್ತದೆ, ನಡುವಿನಲ್ಲಿ ಸಡಿಲ ಎನ್ನಿಸುತ್ತದೆ. ಸಾಮಾನು ಅಗ್ಗ, ಬಿಚ್ಚಿ ಜೋಡಿಸುವ ಕೂಲಿ ಜಾಸ್ತಿ. ಇದನ್ನು ಅರಿಯದೆ ಇಡೀ ಕಾಲಮ್ ಬದಲಾಯಿಸಲು ಹೇಳಿದರೆ ಕಪ್ಲಿಂಗ್ ಬಗ್ಗೆ ಕೇಳಿ. ಆದರೆ ಏರ್‌ಬ್ಯಾಗ್ ಇರುವ ಕಾರಿನ ಕಾಲಮ್ಮಿಗೆ ಮನೆಯಲ್ಲಿ ಕೈ ಹಾಕಬೇಡಿ. ಶಾಫ್ಟ್ ಕಳಚಿದ ಮೇಲೆ ಸ್ಟೀರಿಂಗ್ ಚಕ್ರ ಸುಮ್ಮನೆ ತಿರುಗಿದರೂ ಏರ್‌ಬ್ಯಾಗಿನ ತಂತಿ ಸುರುಳಿ ಕಡಿದುಹೋಗಬಹುದು. ಹೈಡ್ರಾಲಿಕ್ ಪವರ್ ಸ್ಟೀರಿಂಗಿನವರು ಆಟ ಬಂತೆಂದು ಆಯಿಲ್ ಹಾಕಿಸುವುದುಂಟು. ಆಯಿಲ್ ಕಮ್ಮಿಯಾದರೆ ಸ್ಟೀರಿಂಗ್ ಭಾರವಾಗುತ್ತದೆ, ಗುಯ್‌ಗುಡುತ್ತದೆ. ಕೀಲಿನ ಸವೆತಕ್ಕೆ ಆಯಿಲ್ ಮದ್ದಲ್ಲ.

ಅಲೈನ್‌ಮೆಂಟ್ ಕೊನೆಗೆ

ಸ್ಟೀರಿಂಗಿನ ಯಾವ ದೂರು ಹೇಳಿದರೂ ನಮ್ಮ ಊರುಗಳಲ್ಲಿ ಸಿಗುವ ಮೊದಲ ಉತ್ತರ ‘ಅಲೈನ್‌ಮೆಂಟ್ ಮಾಡಿಸಿ’. ಈ ಲೇಖನ ಓದಿದವರು ಒಂದನ್ನಾದರೂ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ: ಅಲೈನ್‌ಮೆಂಟಿನಿಂದ ಆಟ ಹೋಗುವುದಿಲ್ಲ. ಅಲೈನ್‌ಮೆಂಟ್ ಎಂದರೆ ಟೈ ರಾಡನ್ನು ತಿರುಗಿಸಿ ಚಕ್ರಗಳ ದಿಕ್ಕನ್ನು ಕೂರಿಸುವುದು. ಕೀಲೇ ಕುಣಿಯುತ್ತಿದ್ದರೆ ಯಂತ್ರದ ಪರದೆ ಹಸಿರು ತೋರಿಸಿದ ಅಂಕಿ ಆ ಗಳಿಗೆಗೆ ಮಾತ್ರ ನಿಜ. ಅಂಗಡಿಯ ಮುಂದಿನ ಮೊದಲ ಹಂಪು ದಾಟುವಾಗಲೇ ಅದು ಬದಲಾಗಿರುತ್ತದೆ. ಆಟ ತೆಗೆದ ಮೇಲೆ ಅಲೈನ್‌ಮೆಂಟ್. ಟೈ ರಾಡ್ ಎಂಡ್, ರ‍್ಯಾಕ್ ಎಂಡ್, ರ‍್ಯಾಕ್ ಯಾವುದನ್ನು ಬದಲಾಯಿಸಿದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಒಳ್ಳೆಯ ಅಂಗಡಿಯವರು ಸೆನ್ಸರ್ ಕಟ್ಟುವ ಮುಂಚೆ ಚಕ್ರ ಎತ್ತಿ ಅಲ್ಲಾಡಿಸಿ, ಆಟ ಇದ್ದರೆ ‘ಮೊದಲು ಇದನ್ನು ಮಾಡಿಸಿಕೊಂಡು ಬನ್ನಿ ಸಾರ್’ ಎಂದು ವಾಪಸು ಕಳಿಸುತ್ತಾರೆ. ಅಂಥವರನ್ನು ಬಿಡಬೇಡಿ.

ಕೆಲಸ ಆದ ಮೇಲೆ ಸ್ಟೀರಿಂಗ್ ಚಕ್ರ ಓರೆಯಾಗಿ ನಿಂತರೆ ಅದನ್ನು ಕಿತ್ತು ನೇರ ಕೂರಿಸಲು ಬಿಡಬೇಡಿ. ಎರಡೂ ಬದಿಯ ಟೈ ರಾಡನ್ನು ಸರಿದೂಗಿಸಿ ನೇರ ಮಾಡಬೇಕು. ಹಳೇ ಟೈರನ್ನೂ ಮುಟ್ಟಿ ನೋಡಿ. ಅಂಗೈಯನ್ನು ಟೈರಿನ ಅಗಲಕ್ಕೆ ಒಳಗಿಂದ ಹೊರಗೆ ಸವರಿ, ಆಮೇಲೆ ಹೊರಗಿಂದ ಒಳಗೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಆ ಚಕ್ರ ಬಹಳ ದಿನ ಓರೆಯಾಗಿಯೇ ಓಡಿದೆ.

ಇಷ್ಟನ್ನೂ ಪ್ರತಿಯೊಬ್ಬರೂ ಸ್ವತಃ ಮಾಡಬೇಕೆಂದಿಲ್ಲ. ಆದರೆ ಮುಂದಿನ ಸಲ ಕಾರು ಸರ್ವಿಸಿಗೆ ಬಿಟ್ಟಾಗ ಪಕ್ಕದಲ್ಲಿ ನಿಂತು ಚಕ್ರ ಎತ್ತಿಸಿ, ಅಲ್ಲಾಡಿಸಲು ಹೇಳಿ, ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ಪಡೆದು ನೋಡಿ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಹೀಗೆ ಮಾಡಿದರೆ ಸಾಕು. ನಡುವೆ ಎಂದಾದರೂ ಆಟ ಇದ್ದಕ್ಕಿದ್ದಂತೆ ಹೆಚ್ಚಾಗಿ, ಮುಂದಿನ ಚಕ್ರದ ಹತ್ತಿರ ಟಕ್ ಎಂದು ಬಡಿಯತೊಡಗಿದರೆ, ಗ್ಯಾರೇಜು ಎರಡೇ ಕಿಲೋಮೀಟರ್ ದೂರವಿದ್ದರೂ ಕಾರು ಓಡಿಸಿಕೊಂಡು ಹೋಗಬೇಡಿ. ಬದಿಗೆ ನಿಲ್ಲಿಸಿ, ಮೆಕ್ಯಾನಿಕ್ಕನ್ನೇ ಅಲ್ಲಿಗೆ ಕರೆಸಿ.